ತಜ್ಞರ ಉತ್ತರ: ಖಾಲಿ ತಿರುಗುವ ಮೋಟರ್ ಅಡಿಕೆ ಬಿದ್ದೊಡನೆ ಏಕೆ ನಿಲ್ಲುತ್ತದೆ?

ಓದುಗರ ಪ್ರಶ್ನೆ:

ಮಾನ್ಯರೇ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಚಾಲಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತೇನೆ. ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಸಿಂಗಲ್ ಫೇಸ್ ಮೋಟರ್ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರು ಹೆಚ್ಚಾದ್ದರಿಂದ, 13 ಸೆಲ್‌ಗಳ 48 ವೋಲ್ಟ್ ಲಿಥಿಯಂ ಬ್ಯಾಟರಿ ಮತ್ತು 750 ವಾಟ್, 3000 ಆರ್‌ಪಿಎಂನ ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್ ಹಾಕಿ ಹೊಸ ಯಂತ್ರ ಮಾಡುತ್ತಿದ್ದೇನೆ. ಕೋಡ್ ಬರೆಯುವುದು ನನಗೆ ಅಷ್ಟಾಗಿ ತಿಳಿಯದು. ಎಸ್‌ಟಿ ಕಂಪನಿಯ ಮೋಟರ್ ಕಂಟ್ರೋಲ್ ವರ್ಕ್‌ಬೆಂಚ್ ಎಂಬ ಟೂಲಿನಲ್ಲಿ ಚಿತ್ರ ನೋಡಿಕೊಂಡು ಮೌಲ್ಯಗಳನ್ನು ತುಂಬಿ ಕೋಡ್ ತಯಾರಿಸಿಕೊಂಡೆ. ಮೊದಲು ಸಣ್ಣ ಕಿಟ್ ಬೋರ್ಡಿನಲ್ಲಿ ಪ್ರೊಫೈಲರ್ ಓಡಿಸಿ ಮೋಟರಿನ ಗುಣಗಳನ್ನು ಅಳೆದೆ. ಅಲ್ಲಿ ಗರಿಷ್ಠ ಕರೆಂಟು 2.5 ಆಂಪಿಯರ್ ಎಂದು ಕೊಟ್ಟಿದ್ದೆ. ಆಮೇಲೆ ನಮ್ಮದೇ ಪವರ್ ಬೋರ್ಡ್ ಮಾಡಿಸಿದೆವು: 60 ವೋಲ್ಟಿನ ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಕರೆಂಟು ಅಳೆಯಲು ಪ್ರತಿ ಫೇಸಿಗೆ 5 ಮಿಲಿಓಮ್ ಶಂಟ್ ರೆಸಿಸ್ಟರ್, ಅದರ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರಿನ ಗೇನ್ 20.

ಖಾಲಿ ಇದ್ದಾಗ ಮೋಟರ್ ಬೆಣ್ಣೆಯ ಹಾಗೆ ತಿರುಗುತ್ತದೆ. ಅಡಿಕೆ ಹಾಕಿದರೆ ಮೊದಮೊದಲು ಸದ್ದಿಲ್ಲದೆ ವೇಗ ಕಳೆದುಕೊಂಡು ನಿಲ್ಲುತ್ತಿತ್ತು. ಕರೆಂಟ್ ಮಿತಿ ಹೆಚ್ಚಿಸಿ ಎಂದು ಒಬ್ಬರು ಹೇಳಿದರು, 20 ಮಾಡಿದೆ. ಈಗ ಎರಡು ಮೂರು ಸೆಕೆಂಡಿನಲ್ಲಿ ಓವರ್ ಕರೆಂಟ್ ಅಥವಾ ಸ್ಪೀಡ್ ಫೀಡ್‌ಬ್ಯಾಕ್ ಫಾಲ್ಟ್ ಬರುತ್ತದೆ, ಒಂದು ಸೆಟ್ ಮಾಸ್ಫೆಟ್ ಸುಟ್ಟೂ ಹೋಯಿತು. ರೋಲರ್ ನಡುವೆ ಅಡಿಕೆ ಇರುವಾಗ ಸ್ಟಾರ್ಟ್ ಮಾಡಿದರೆ ನಡುಗುತ್ತದೆಯೇ ಹೊರತು ತಿರುಗುವುದಿಲ್ಲ. ಟೂಲ್ ತಯಾರಿಸಿದ ಕೋಡ್ ಪ್ರದರ್ಶನಕ್ಕೆ ಮಾತ್ರ, ಮಾರುವ ಯಂತ್ರಕ್ಕೆ ಕೈಯಿಂದಲೇ ಬರೆಸಬೇಕು ಎಂದು ಕೆಲವರು. ಸೆನ್ಸರ್ ಇಲ್ಲದೆ ಲೋಡ್ ಎಳೆಯುವುದೇ ಇಲ್ಲ ಎಂದು ಇನ್ನು ಕೆಲವರು. ಮೋಟರಿನಿಂದ ಐದು ತೆಳು ತಂತಿಗಳೂ ಬಂದಿವೆ, ಅವನ್ನು ಬಳಸಿಲ್ಲ. ರೆಡಿಮೇಡ್ ಕಂಟ್ರೋಲರ್ ತರಲೇ, ಕೋಡ್ ಬರೆಸಲೇ, ಅಥವಾ ಇದನ್ನೇ ಸರಿಪಡಿಸಬಹುದೇ?

ಉತ್ತರ:

ನೀವು ಅಂಕಿಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಈ ಕೆಲಸದಲ್ಲಿ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆಯಿಂದಲೂ ಕಾಲೇಜುಗಳ ಪ್ರಾಜೆಕ್ಟ್ ಗುಂಪುಗಳಿಂದಲೂ ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು "ಮೋಟರ್ ನಿಲ್ಲುತ್ತದೆ, ಏಕೆ?" ಎಂಬಲ್ಲಿಗೆ ಮುಗಿಯುತ್ತವೆ. ನಿಮ್ಮ ಪತ್ರದಲ್ಲಿ ಉತ್ತರದ ಮುಕ್ಕಾಲು ಭಾಗ ಆಗಲೇ ಇದೆ. ನಿಮ್ಮ ಟೂಲಿನಲ್ಲಿ ಈಗ ಮೂರು ಬೇರೆ ಬೇರೆ ಕಡೆಯಿಂದ ಬಂದ ಅಂಕಿಗಳು ಒಟ್ಟಿಗೆ ಕುಳಿತಿವೆ: ಕೆಲವು ಸಣ್ಣ ಕಿಟ್‌ನವು, ಕೆಲವು ಮೋಟರಿನ ನಾಮಫಲಕದವು, ಕೆಲವು ನಿಮ್ಮ ಸ್ವಂತ ಬೋರ್ಡಿನವು. ಅವು ಒಂದಕ್ಕೊಂದು ಹೊಂದುವುದಿಲ್ಲ. ಖಾಲಿ ತಿರುಗುವ ಮೋಟರಿಗೆ ಒಂದೆರಡು ಆಂಪಿಯರ್ ಸಾಕು, ಆದ್ದರಿಂದ ಆ ಹೊಂದಾಣಿಕೆಯ ಕೊರತೆ ಖಾಲಿ ಓಟದಲ್ಲಿ ಕಾಣುವುದಿಲ್ಲ.

ಮೊದಲು, ಟೂಲ್ ತಯಾರಿಸಿದ ಕೋಡ್ ಆಟಿಕೆಯೆಂಬ ಮಾತನ್ನು ಬದಿಗಿಡೋಣ. ಇಂಥ ಗ್ರಾಫಿಕ್ ಟೂಲುಗಳು ಹೊಸದಾಗಿ ಕೋಡ್ ಕಲ್ಪಿಸಿ ಬರೆಯುವುದಿಲ್ಲ. ಚಿಪ್ ತಯಾರಕರು ಮೊದಲೇ ಬರೆದಿಟ್ಟ ಸಿ ಭಾಷೆಯ ಲೈಬ್ರರಿಯೊಂದು ಇರುತ್ತದೆ. ನೀವು ಕಿಟಕಿಗಳಲ್ಲಿ ತುಂಬಿದ ಮೌಲ್ಯಗಳನ್ನು ಮೋಟರಿನದ್ದು, ಪವರ್ ಬೋರ್ಡಿನದ್ದು, ಡ್ರೈವಿನದ್ದು ಎಂದು ವಿಂಗಡಿಸಿ ಹೆಡರ್ ಫೈಲುಗಳಿಗೆ ಬರೆಯುವುದು, ಚಿಪ್‌ನ ಟೈಮರ್ ಮತ್ತು ಎಡಿಸಿಗಳನ್ನು (ವೋಲ್ಟೇಜನ್ನು ಅಳೆದು ಅಂಕಿಯಾಗಿಸುವ ಭಾಗ) ಅದಕ್ಕೆ ತಕ್ಕಂತೆ ಜೋಡಿಸುವುದು ಟೂಲಿನ ಕೆಲಸ. ಒಮ್ಮೆ ಆ ಹೆಡರ್ ಫೈಲುಗಳನ್ನು ತೆರೆದು ನೋಡಿ. ಕೋಡ್ ತಿಳಿಯದಿದ್ದರೂ ನೀವು ತುಂಬಿದ ಅಂಕಿಗಳು ಗುರುತಿಗೆ ಸಿಗುತ್ತವೆ. ಲೈಬ್ರರಿಯೊಳಗಿನ ಗಣಿತವೂ ನಿನ್ನೆ ಮೊನ್ನೆಯದಲ್ಲ. ಟೂಲಿನ ಚಿತ್ರದಲ್ಲಿ ಎರಡು ಚೌಕಗಳ ಮೇಲೆ ಕ್ಲಾರ್ಕ್, ಪಾರ್ಕ್ ಎಂಬ ಹೆಸರುಗಳನ್ನು ನೀವು ಕಂಡಿರಬಹುದು. ಪಾರ್ಕ್ ಅವರು ತಿರುಗುವ ಯಂತ್ರದ ಸಮೀಕರಣಗಳನ್ನು ರೋಟರಿನ (ತಿರುಗುವ ಭಾಗದ) ಮೇಲೆ ಕುಳಿತು ನೋಡಿದಂತೆ ಬರೆಯುವ ವಿಧಾನವನ್ನು 1929ರಲ್ಲಿ ಪ್ರಕಟಿಸಿದವರು. ಈಡಿತ್ ಕ್ಲಾರ್ಕ್ ಅವರು ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿ ವೃತ್ತಿ ನಡೆಸಿದ ಮೊದಲ ಮಹಿಳೆ. ಮೂರು ಫೇಸಿನ ಕರೆಂಟನ್ನು ಟಾರ್ಕ್ ಕೊಡುವ ಭಾಗ ಮತ್ತು ಅಯಸ್ಕಾಂತ ಕ್ಷೇತ್ರದ ಭಾಗ ಎಂದು ಬಿಡಿಸಿ ಹಿಡಿಯುವ ಕ್ರಮ 1970ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಇದನ್ನು ಯಾರಿಂದಲೋ ಕೈಯಾರೆ ಮತ್ತೊಮ್ಮೆ ಬರೆಸಿದರೆ ನಿಮಗೆ ಸಿಗುವುದು ಅದೇ ಗಣಿತ, ಜೊತೆಗೆ ಹೊಸ ತಪ್ಪುಗಳು.

ಆ ಮಾತಿನಲ್ಲಿ ಒಂದು ಅಂಶ ಮಾತ್ರ ನಿಜ. ಟೂಲ್ ತನ್ನ ಕಂಪನಿಯ ಕಿಟ್ ಬೋರ್ಡನ್ನು ಆಯ್ಕೆ ಮಾಡಿದಾಗ ಹತ್ತಾರು ಮೌಲ್ಯಗಳನ್ನು ತಾನೇ ತುಂಬಿಕೊಳ್ಳುತ್ತದೆ, ಅವೆಲ್ಲ ಆ ಬೋರ್ಡಿಗೆ ಸರಿಯಾದವೇ ಆಗಿರುತ್ತವೆ. ನಿಮ್ಮ ಸ್ವಂತ ಬೋರ್ಡಿಗೆ ದಾಟಿದ ಕ್ಷಣದಿಂದ ಆ ಪ್ರತಿಯೊಂದು ಮೌಲ್ಯಕ್ಕೂ ನೀವೇ ಹೊಣೆ. ಅಲ್ಲಿ ಕೇಳುವ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೂ ಟೂಲ್ ನಂಬಿಕೊಂಡು ಕೋಡ್ ತಯಾರಿಸುತ್ತದೆ.

ಈಗ ನಿಮ್ಮ ತೊಂದರೆಯನ್ನು ಅದು ನಡೆದ ಕ್ರಮದಲ್ಲೇ ನೋಡೋಣ.

ಮೊದಲ ಹಂತದಲ್ಲಿ ಮೋಟರ್ ಫಾಲ್ಟ್ ಇಲ್ಲದೆ ಮೆಲ್ಲಗೆ ನಿಂತದ್ದು ಏಕೆಂದರೆ, ಪ್ರೊಫೈಲರ್‌ಗೆ ನೀವು ಕೊಟ್ಟ 2.5 ಆಂಪಿಯರ್ ಮೋಟರಿನ ರೇಟೆಡ್ ಕರೆಂಟಾಗಿ ಯೋಜನೆಯೊಳಗೆ ಉಳಿದುಕೊಂಡಿತು. ಅದು ಮೋಟರಿನ ಗುಣವಲ್ಲ. ಆ ಸಣ್ಣ ಕಿಟ್ ಕೊಡಬಲ್ಲ ಕರೆಂಟಿನ ಮಿತಿ. ವೇಗದ ನಿಯಂತ್ರಕವು ಟಾರ್ಕ್ ಬೇಕೆಂದಾಗ ಎಷ್ಟು ಕರೆಂಟು ಕೇಳಬಹುದು ಎಂಬುದಕ್ಕೆ ಈ ಸಂಖ್ಯೆಯೇ ಕಡಿವಾಣ. ನೀವು ಕಳಿಸಿದ ಪ್ರೊಫೈಲಿನಲ್ಲಿ ಬ್ಯಾಕ್ ಇಎಂಎಫ್ (ತಿರುಗುವ ಮೋಟರ್ ತಾನೇ ಹುಟ್ಟಿಸುವ ವೋಲ್ಟೇಜ್) ಸ್ಥಿರಾಂಕ ಪ್ರತಿ ಸಾವಿರ ಆರ್‌ಪಿಎಂಗೆ 10 ವೋಲ್ಟ್ ಎಂದಿದೆ, ಎರಡು ಫೇಸ್‌ಗಳ ನಡುವಿನ ಆರ್‌ಎಂಎಸ್ (ಪರಿಣಾಮಕಾರಿ ಸರಾಸರಿ) ಮೌಲ್ಯವಾಗಿ. ಅದರಿಂದ ಲೆಕ್ಕ ಹಾಕಿದರೆ ಫೇಸಿನ ಪ್ರತಿ ಪೀಕ್ (ಅಲೆಯ ತುದಿಯ) ಆಂಪಿಯರಿಗೆ ಸುಮಾರು 0.117 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತದೆ. 2.5 ಆಂಪಿಯರಿಗೆ ಸಿಗುವುದು 0.29 ನ್ಯೂಟನ್ ಮೀಟರ್. ಆದರೆ 750 ವಾಟ್, 3000 ಆರ್‌ಪಿಎಂ ಎಂದರೆ 2.4 ನ್ಯೂಟನ್ ಮೀಟರ್ ಟಾರ್ಕ್. ಎಂಟರಲ್ಲಿ ಒಂದು ಪಾಲು ಬಲದಲ್ಲಿ ಮೋಟರ್ ಅಡಿಕೆ ಸುಲಿಯಲು ಹೊರಟಿತ್ತು, ನಿಂತಿತು. ಸೋತದ್ದು ಮೋಟರೂ ಅಲ್ಲ, ಕೋಡೂ ಅಲ್ಲ.

ಹಾಗಾದರೆ ಮಿತಿಯನ್ನು 20ಕ್ಕೆ ಏರಿಸಿ ಎಂದವರ ಸಲಹೆ ತಪ್ಪೇ? ಮೋಟರಿನ ಮಟ್ಟಿಗೆ ತಪ್ಪಲ್ಲ. 2.4 ನ್ಯೂಟನ್ ಮೀಟರಿಗೆ ಬೇಕಾದದ್ದು 20 ಪೀಕ್ ಆಂಪಿಯರಿಗೆ ಸ್ವಲ್ಪ ಮೇಲೆ. ಅವರು ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ: ಈ ಬೋರ್ಡ್ 20 ಆಂಪಿಯರನ್ನು ಅಳೆಯಬಲ್ಲದೇ? ನಿಮ್ಮ ಶಂಟ್ 5 ಮಿಲಿಓಮ್, ಗೇನ್ 20. ಅಂದರೆ ಒಂದು ಆಂಪಿಯರಿಗೆ 0.1 ವೋಲ್ಟ್. ಎಡಿಸಿ 3.3 ವೋಲ್ಟಿನದು, ಕರೆಂಟು ಎರಡೂ ದಿಕ್ಕಿನಲ್ಲಿ ಹರಿಯುವುದರಿಂದ ಸೊನ್ನೆಯನ್ನು ನಡುವೆ 1.65 ವೋಲ್ಟಿನಲ್ಲಿ ಇಡಲಾಗುತ್ತದೆ. ಹೀಗಾಗಿ ಅಳತೆಗೆ ಸಿಗುವುದು ಹೆಚ್ಚೆಂದರೆ 16.5 ಆಂಪಿಯರ್, ಆಂಪ್ಲಿಫೈಯರ್ ಅಂಚಿನವರೆಗೆ ಹೋಗಲಾರದಿದ್ದರೆ ಇನ್ನೂ ಕಡಿಮೆ.

ಮೀನು ಮಾರುಕಟ್ಟೆಯ ಸ್ಪ್ರಿಂಗ್ ತಕ್ಕಡಿಯನ್ನು ನೆನೆಯಿರಿ. ಹತ್ತು ಕಿಲೋ ತೂಗುವ ತಕ್ಕಡಿಗೆ ಹದಿನೈದು ಕಿಲೋ ಅಂಜಲ್ ನೇತುಹಾಕಿದರೆ ಮುಳ್ಳು ಹತ್ತರಲ್ಲೇ ನಿಲ್ಲುತ್ತದೆ. ಹನ್ನೆರಡು ಕಿಲೋ ಬರುವವರೆಗೆ ಮೀನು ಹಾಕುತ್ತಲೇ ಇರು ಎಂದು ಯಾರಿಗಾದರೂ ಹೇಳಿದರೆ ಅವನು ಬುಟ್ಟಿ ಹರಿಯುವವರೆಗೆ ಹಾಕುತ್ತಾನೆ. ನಿಮ್ಮ ಕರೆಂಟ್ ನಿಯಂತ್ರಕ ಮಾಡುತ್ತಿರುವುದು ಇದನ್ನೇ. 20 ಬೇಕೆಂದು ಅದಕ್ಕೆ ಆದೇಶ ಬಂದಿದೆ, ಅಳತೆಯ ತುದಿಗಳು ಕತ್ತರಿಸಿ ಹೋಗಿರುವುದರಿಂದ ಅದಕ್ಕೆ ಕಾಣುವುದು ಯಾವಾಗಲೂ ಕಡಿಮೆ, ಆದ್ದರಿಂದ ಕೊರತೆಯನ್ನು ಕೂಡಿಡುತ್ತಾ ಹೋಗುವ ಅದರ ಇಂಟಿಗ್ರಲ್ ಭಾಗ ವೋಲ್ಟೇಜನ್ನು ಏರಿಸುತ್ತಲೇ ಹೋಗುತ್ತದೆ, ನಿಜವಾದ ಕರೆಂಟು 20ನ್ನು ದಾಟಿ ಬಹಳ ಮೇಲೆ ಹೋಗುತ್ತದೆ. ಅಷ್ಟರಲ್ಲಿ ಹಾರ್ಡ್‌ವೇರ್ ರಕ್ಷಣೆ ಎಚ್ಚೆತ್ತರೆ ಓವರ್ ಕರೆಂಟ್ ಫಾಲ್ಟ್. ಎಚ್ಚೆಳದಿದ್ದರೆ ಮಾಸ್ಫೆಟ್. ಅಲೆಯಾಕಾರ ಕೆಟ್ಟಿರುವುದರಿಂದ ರೋಟರ್ ಎಲ್ಲಿದೆಯೆಂದು ಅದೇ ಕರೆಂಟಿನಿಂದ ಅಂದಾಜು ಮಾಡುವ ಅಬ್ಸರ್ವರ್ ದಾರಿ ತಪ್ಪಿದರೆ ಸ್ಪೀಡ್ ಫೀಡ್‌ಬ್ಯಾಕ್ ಫಾಲ್ಟ್. ನಿಮಗೆ ಒಮ್ಮೆ ಅದು, ಒಮ್ಮೆ ಇದು ಬರುತ್ತಿರುವುದು ಈ ಕಾರಣಕ್ಕೆ; ಎರಡೂ ಒಂದೇ ರೋಗದ ಲಕ್ಷಣಗಳು.

ಇದು ನಿಜವೇ ಎಂದು ಪರೀಕ್ಷಿಸಲು ಖರ್ಚಿಲ್ಲ. ಕರೆಂಟ್ ಮಿತಿಯನ್ನು 14 ಆಂಪಿಯರಿಗೆ ಇಳಿಸಿ ಕೋಡನ್ನು ಮತ್ತೆ ತಯಾರಿಸಿ, ಮೋಟರ್ ಖಾಲಿ ಓಡುತ್ತಿರುವಾಗ ಅಡಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಸುಮಾರು 1.6 ನ್ಯೂಟನ್ ಮೀಟರ್ ಸಿಗುತ್ತದೆ. ಲೋಡ್ ಹೆಚ್ಚಾದಾಗ ಫಾಲ್ಟ್ ಇಲ್ಲದೆ ವೇಗ ಮಾತ್ರ ತಗ್ಗಿದರೆ ನನ್ನ ಊಹೆ ಸರಿ. ಆಗ ಶಾಶ್ವತ ಪರಿಹಾರವಾಗಿ ಶಂಟನ್ನು 3 ಮಿಲಿಓಮಿಗೆ ಬದಲಿಸಿ, ಅಳತೆಯ ವ್ಯಾಪ್ತಿ 27.5 ಆಂಪಿಯರ್ ಆಗುತ್ತದೆ. ಅಥವಾ ಗೇನನ್ನು 10ಕ್ಕೆ ಇಳಿಸಿ, 33 ಆಗುತ್ತದೆ. ಬೋರ್ಡಿನಲ್ಲಿ ಬದಲಿಸಿದ ದಿನವೇ ಟೂಲಿನಲ್ಲೂ ಬದಲಿಸಬೇಕು. 3 ಮಿಲಿಓಮ್ ಹಾಕಿ ಟೂಲಿನಲ್ಲಿ 5 ಎಂದೇ ಬಿಟ್ಟರೆ ಪರದೆಯಲ್ಲಿ 12 ಎಂದು ತೋರುವಾಗ ತಂತಿಯಲ್ಲಿ 20 ಹರಿಯುತ್ತಿರುತ್ತದೆ. ಒಂದು ಫೇಸಿನ ತಂತಿಗೆ ಕರೆಂಟ್ ಪ್ರೋಬ್ ಹಾಕಿ, ಸ್ಕೋಪಿನಲ್ಲಿ (ಅಲೆಯನ್ನು ತೋರಿಸುವ ಉಪಕರಣ) ಕಂಡ ಪೀಕನ್ನೂ ಪರದೆಯ ಅಂಕಿಯನ್ನೂ ಐದಾರು ಕಡೆ ಹೋಲಿಸದೆ ನಾನು ಯಾವ ಹೊಸ ಬೋರ್ಡನ್ನೂ ನಂಬುವುದಿಲ್ಲ. ಸುರತ್ಕಲ್ ಅಥವಾ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಚಯದವರಿದ್ದರೆ ಪ್ರೋಬಿಗಾಗಿ ಕೇಳಿ ನೋಡಿ, ಅರ್ಧ ದಿನದ ಕೆಲಸ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಕರೆಂಟು ಎಂದು ಟೂಲ್ ಕೇಳಿದಾಗ ಅದು ಯಾವ ಕರೆಂಟು ಎಂಬುದನ್ನು ನೋಡದೆ ತುಂಬುವವರೇ ಹೆಚ್ಚು. ನಾಮಫಲಕದಲ್ಲಿರುವುದು ಹಲವು ಬಾರಿ ಬ್ಯಾಟರಿಯಿಂದ ಹೋಗುವ ಡಿಸಿ ಕರೆಂಟು, ಕೆಲವೊಮ್ಮೆ ಫೇಸಿನ ಆರ್‌ಎಂಎಸ್. ಟೂಲ್ ಕೇಳುವುದು ಸಾಮಾನ್ಯವಾಗಿ ಫೇಸಿನ ಪೀಕ್. ಆರ್‌ಎಂಎಸ್‌ಗೂ ಪೀಕಿಗೂ 1.414 ಪಟ್ಟು ಅಂತರ. ರೆಸಿಸ್ಟೆನ್ಸ್ ಮತ್ತು ಇಂಡಕ್ಟೆನ್ಸ್‌ಗೂ ಇದೇ ಕಥೆ: ಎರಡು ತಂತಿಗಳ ನಡುವೆ ಮೀಟರ್ ಹಿಡಿದು ಅಳೆದರೆ ಸಿಗುವುದು ಒಂದು ಫೇಸಿನ ಎರಡರಷ್ಟು. ನಿಮ್ಮ ಪ್ರೊಫೈಲಿನ 0.1 ಓಮ್, 0.25 ಮಿಲಿಹೆನ್ರಿ ಎರಡೂ ಒಂದು ಫೇಸಿನ ಮೌಲ್ಯಗಳು. ಕರೆಂಟ್ ನಿಯಂತ್ರಕದ ಪಿ (ಈ ಕ್ಷಣದ ಕೊರತೆಗೆ ಸ್ಪಂದಿಸುವ) ಮತ್ತು ಐ (ಮೇಲೆ ಹೇಳಿದ ಇಂಟಿಗ್ರಲ್) ಗೇನ್‌ಗಳನ್ನು ಟೂಲ್ ಈ ಎರಡರಿಂದಲೇ ಲೆಕ್ಕ ಹಾಕುತ್ತದೆ. ಪಿ ಎಂಬುದು ಇಂಡಕ್ಟೆನ್ಸಿಗೆ, ಐ ಎಂಬುದು ರೆಸಿಸ್ಟೆನ್ಸಿಗೆ ನೇರ ಅನುಪಾತದಲ್ಲಿರುತ್ತದೆ. ಆದ್ದರಿಂದ ಇಲ್ಲಿ ಎರಡು ಪಟ್ಟು ತಪ್ಪಿದರೆ ಅಲ್ಲೂ ಎರಡು ಪಟ್ಟು ತಪ್ಪುತ್ತದೆ, ಮೋಟರ್ ಕೀರಲು ಸದ್ದು ಮಾಡುತ್ತದೆ. ನಿಮ್ಮದು ಮಾಡುತ್ತಿಲ್ಲ, ಹಾಗಾಗಿ ಆ ಗೇನ್‌ಗಳನ್ನು ಮುಟ್ಟಬೇಡಿ. ಯಂತ್ರ ಕೈಕೊಟ್ಟಾಗಲೆಲ್ಲ ಪಿ ಹೆಚ್ಚಿಸು, ಐ ಕಡಿಮೆ ಮಾಡು ಎನ್ನುವ ಸಲಹೆ, ಜ್ವರ ಬಂದವರಿಗೆಲ್ಲ ಒಂದೇ ಕಷಾಯ ಕೊಟ್ಟಂತೆ.

ವೇಗದ ನಿಯಂತ್ರಕದ ಗೇನ್ ಮಾತ್ರ ಬೇರೆ ವಿಷಯ. ಪ್ರೊಫೈಲರ್ ಜಡತ್ವ ಮತ್ತು ಘರ್ಷಣೆಯನ್ನು ಅಳೆದದ್ದು ಬರಿಯ ಶಾಫ್ಟಿನಲ್ಲಿ. ಈಗ ಅದಕ್ಕೆ ಪುಲ್ಲಿ, ಬೆಲ್ಟ್, ರೋಲರ್ ಸೇರಿವೆ. ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಬ್ಯಾಕ್ ಇಎಂಎಫ್ ಮೂರೂ ಮೋಟರಿನ ಒಳಗಿನವು, ಅವನ್ನು ಕಿಟ್‌ನಿಂದ ತಂದರೂ ನಡೆಯುತ್ತದೆ, ಜಡತ್ವವನ್ನು ತರಲಾಗದು. ಮೋಟರನ್ನು ಯಂತ್ರಕ್ಕೆ ಜೋಡಿಸಿದ ಮೇಲೆ, ವೇಗವನ್ನು 1000ದಿಂದ 1500ಕ್ಕೆ ಏರಿಸಿ ಅದು ಎಷ್ಟು ಮೀರಿ ಹೋಗಿ ನಿಲ್ಲುತ್ತದೆ ಎಂದು ನೋಡಿಕೊಂಡು ಓಡುವಾಗಲೇ ತಿದ್ದಬಹುದು. ಇದಕ್ಕೆ ಟೂಲಿನ ಜೊತೆಗೆ ಬರುವ, ಕಂಪ್ಯೂಟರಿನಿಂದ ಮೋಟರನ್ನು ನಡೆಸುವ ಪರದೆ ಸಾಕು.

ಮಾಸ್ಫೆಟ್ ಸುಟ್ಟದ್ದಕ್ಕೆ ಮೇಲಿನ ಕಾರಣವೊಂದೇ ಸಾಕಾದರೂ ನಿಮ್ಮ ಬೋರ್ಡಿನಲ್ಲಿ ಇನ್ನೊಂದು ಕಾಯುತ್ತಿದೆ. 48 ವೋಲ್ಟ್ ಎಂಬುದು ಬ್ಯಾಟರಿಯ ಹೆಸರು. 13 ಸೆಲ್‌ಗಳು ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 4.2ರಂತೆ 54.6 ವೋಲ್ಟ್. ಅದರ ಮೇಲೆ ಸ್ವಿಚಿಂಗ್ ಹೊತ್ತಿನಲ್ಲಿ ತಾಮ್ರದ ಪಟ್ಟಿಗಳ ಇಂಡಕ್ಟೆನ್ಸ್‌ನಿಂದ ಏಳುವ ಚುರುಕು ವೋಲ್ಟೇಜ್ ಸೇರಿದರೆ 60 ವೋಲ್ಟಿನ ಮಾಸ್ಫೆಟ್‌ಗೆ ಉಸಿರಾಡಲು ಜಾಗವಿಲ್ಲ. ಕನಿಷ್ಠ 80, ನನ್ನನ್ನು ಕೇಳಿದರೆ 100 ವೋಲ್ಟಿನದು ಹಾಕಿ. ಕಿಟ್ ಬೋರ್ಡುಗಳಲ್ಲೂ 48 ವೋಲ್ಟಿನವರೆಗೆ ಎಂದು ಬರೆದಿದ್ದರೆ ಅದು ನಿಜವಾದ ಗರಿಷ್ಠ ವೋಲ್ಟೇಜ್. ನಿಮ್ಮ ಬ್ಯಾಟರಿಯನ್ನು ಅದಕ್ಕೆ ಹಚ್ಚಬಾರದು. ಟೂಲಿನಲ್ಲಿ ಬಸ್ ವೋಲ್ಟೇಜಿನ (ಬ್ಯಾಟರಿಯಿಂದ ಬೋರ್ಡಿಗೆ ಬರುವ ಡಿಸಿ ವೋಲ್ಟೇಜ್) ಮೇಲಿನ ಮತ್ತು ಕೆಳಗಿನ ಮಿತಿ ಹಾಗೂ ಅದನ್ನು ಅಳೆಯುವ ರೆಸಿಸ್ಟರ್ ಜೋಡಿಯ ಅನುಪಾತ ಎರಡನ್ನೂ ಕೇಳುತ್ತದೆ; ಅವು ಈಗಲೂ ಕಿಟ್‌ನವೇ ಆಗಿರುವ ಸಂಭವ ಹೆಚ್ಚು.

ಅದೇ ಕಿಟಕಿಯ ಪಕ್ಕದಲ್ಲಿ ಮಾಸ್ಫೆಟ್‌ಗಳನ್ನು ಆನ್-ಆಫ್ ಮಾಡಿಸುವ ಗೇಟ್ ಡ್ರೈವರಿನ ಧ್ರುವತೆ ಮತ್ತು ಡೆಡ್ ಟೈಮ್ (ಒಂದು ಮಾಸ್ಫೆಟ್ ಆರಿ ಇನ್ನೊಂದು ಆನ್ ಆಗುವ ನಡುವಿನ ಬಿಡುವು) ಇವೆ. ಕೆಲವು ಗೇಟ್ ಡ್ರೈವರ್ ಚಿಪ್‌ಗಳಲ್ಲಿ ಕೆಳಗಿನ ಮಾಸ್ಫೆಟ್‌ನ ಇನ್‌ಪುಟ್ ತಲೆಕೆಳಗು, ಅಂದರೆ ಸಿಗ್ನಲ್ ಸೊನ್ನೆಯಾದಾಗ ಮಾಸ್ಫೆಟ್ ಆನ್. ಟೂಲಿನಲ್ಲಿ ಇದು ಒಂದು ಪುಟ್ಟ ಆಯ್ಕೆ, ತಪ್ಪಿದರೆ ಮೇಲಿನದೂ ಕೆಳಗಿನದೂ ಒಟ್ಟಿಗೆ ಆನ್ ಆಗಿ ಬ್ಯಾಟರಿಯೇ ಶಾರ್ಟ್. ನಿಮ್ಮ ಮೋಟರ್ ಖಾಲಿ ಓಡುತ್ತಿರುವುದರಿಂದ ಧ್ರುವತೆ ಸರಿಯಿದೆ. ಆದರೆ ಮಾಸ್ಫೆಟ್ ಬದಲಿಸಿದಾಗ ಗೇಟಿನ ಚಾರ್ಜ್ ಬದಲಾಗುತ್ತದೆ, ಆರುವ ವೇಗ ಬದಲಾಗುತ್ತದೆ. ಡೆಡ್ ಟೈಮನ್ನು ಸ್ಕೋಪಿನಲ್ಲಿ ಎರಡೂ ಗೇಟ್ ಒಟ್ಟಿಗೆ ನೋಡಿ ಮತ್ತೆ ನಿಗದಿ ಮಾಡಿ. ಓವರ್ ಕರೆಂಟ್ ರಕ್ಷಣೆ ಪದೇ ಪದೇ ತೊಂದರೆ ಕೊಡುತ್ತದೆಂದು ಅದನ್ನು ಟೂಲಿನಲ್ಲಿ ಆಫ್ ಮಾಡುವವರನ್ನು ನಾನು ಕಂಡಿದ್ದೇನೆ. ನೀವೂ ಮಾಡಿದ್ದರೆ ಇಂದೇ ಆನ್ ಮಾಡಿ. 16 ಕಿಲೋಹರ್ಟ್ಸ್‌ನಲ್ಲಿ ಓಡುವ ಸಾಫ್ಟ್‌ವೇರ್ 62.5 ಮೈಕ್ರೋಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆಯುತ್ತದೆ. ಶಾರ್ಟ್ ಆದ ಮಾಸ್ಫೆಟ್‌ಗೆ ಅಷ್ಟು ಪುರಸೊತ್ತು ಇರುವುದಿಲ್ಲ. ಕರೆಂಟು ಮಿತಿ ದಾಟಿತೇ ಎಂದು ನೋಡುವ ಕಂಪ್ಯಾರೇಟರಿನಿಂದ, ಸ್ವಿಚಿಂಗನ್ನು ತಕ್ಷಣ ನಿಲ್ಲಿಸುವ ಟೈಮರಿನ ಬ್ರೇಕ್ ಇನ್‌ಪುಟ್‌ಗೆ ಹೋಗುವ ದಾರಿಯೊಂದೇ ಅದನ್ನು ಉಳಿಸಬಲ್ಲದು.

ಇನ್ನು ವೇಗ. 48 ವೋಲ್ಟಿನಲ್ಲಿ ಪೂರ್ಣ ಲೋಡಿನೊಡನೆ 3000 ಆರ್‌ಪಿಎಂ ಸಿಗುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ. ಬ್ಯಾಟರಿ 40 ವೋಲ್ಟಿಗೆ ಇಳಿದಾಗ ನಿಮ್ಮ ಮೋಟರಿನ ಅಂಕಿಗಳಿಂದ ಲೆಕ್ಕ ಹಾಕಿದರೆ 20 ಆಂಪಿಯರ್ ಲೋಡಿಗೆ ಸಿಗುವುದು ಹೆಚ್ಚೆಂದರೆ 2500. ಆ ಹೊತ್ತಿನಲ್ಲಿ 3000ವನ್ನೇ ಕೇಳುತ್ತಿದ್ದರೆ ನಿಯಂತ್ರಕದ ಬಳಿ ಕೊಡಲು ವೋಲ್ಟೇಜೇ ಉಳಿದಿರುವುದಿಲ್ಲ, ಕರೆಂಟಿನ ಮೇಲಿನ ಹಿಡಿತ ಸಡಿಲಾಗುತ್ತದೆ, ಬೆಳಿಗ್ಗೆ ಚೆನ್ನಾಗಿದ್ದ ಯಂತ್ರ ಮಧ್ಯಾಹ್ನ ಫಾಲ್ಟ್ ಕೊಡುತ್ತದೆ. ಇದು ನಿಮಗೆ ಇನ್ನೂ ಎದುರಾಗಿಲ್ಲ, ಏಕೆಂದರೆ ಅಷ್ಟು ಹೊತ್ತು ಲೋಡಿನಲ್ಲಿ ಓಡಿಯೇ ಇಲ್ಲ. ಟೂಲಿನಲ್ಲಿ ಗುರಿ ವೇಗವನ್ನು 2400ಕ್ಕೆ ಇಟ್ಟು, ರೋಲರಿನ ವೇಗವನ್ನು ಪುಲ್ಲಿಯ ಅಳತೆಯಿಂದ ಸರಿಹೊಂದಿಸಿಕೊಳ್ಳಿ. ಲೇತ್ ನಿಮ್ಮ ವರ್ಕ್‌ಶಾಪಿನಲ್ಲೇ ಇದೆಯಲ್ಲ.

ಈಗ ಅಡಿಕೆ ನಡುವೆ ಇರುವಾಗ ಸ್ಟಾರ್ಟ್ ಆಗದ ವಿಷಯ. ಸೆನ್ಸರ್ ಇಲ್ಲದೆ ಲೋಡ್ ಎಳೆಯುವುದೇ ಇಲ್ಲ ಎಂಬುದು ಅರ್ಧ ಸತ್ಯ. ಓಡುತ್ತಿರುವ ಮೋಟರ್ ಸೆನ್ಸರ್ ಇಲ್ಲದೆ ಪೂರ್ಣ ಲೋಡನ್ನು ನಿರಾಯಾಸವಾಗಿ ಎಳೆಯುತ್ತದೆ. ನಿಂತ ಮೋಟರಿನ ಸಂಗತಿ ಬೇರೆ. ರೋಟರ್ ಎಲ್ಲಿದೆ ಎಂದು ಅಬ್ಸರ್ವರ್ ತಿಳಿಯುವುದು ಬ್ಯಾಕ್ ಇಎಂಎಫ್‌ನಿಂದ. ನಿಂತ ಮೋಟರಿನಲ್ಲಿ ಅದು ಸೊನ್ನೆ, ರೇಟೆಡ್ ವೇಗದ ಶೇಕಡಾ 5ರಿಂದ 10ರವರೆಗೆ ತಲುಪುವ ತನಕ ಅದನ್ನು ನಂಬುವಂತಿಲ್ಲ. ಅಲ್ಲಿಯವರೆಗೆ ಕೋಡ್ ಕಣ್ಣುಮುಚ್ಚಿ ಕ್ಷೇತ್ರವನ್ನು ತಿರುಗಿಸುತ್ತದೆ, ರೋಟರ್ ಹಿಂಬಾಲಿಸುತ್ತಿದೆಯೆಂದು ಭಾವಿಸಿಕೊಳ್ಳುತ್ತದೆ. ಟೂಲಿನಲ್ಲಿ ರೆವ್-ಅಪ್ ಎಂಬ ಹೆಸರಿನಲ್ಲಿ ಕಾಣುವ ಪಟ್ಟಿ ಇದರದ್ದು: ಎಷ್ಟು ಹೊತ್ತು, ಯಾವ ವೇಗದವರೆಗೆ, ಎಷ್ಟು ಕರೆಂಟಿನಲ್ಲಿ. ರೋಲರ್ ಅಡಿಕೆಯಲ್ಲಿ ಸಿಕ್ಕಿಕೊಂಡಿದ್ದರೆ ಕ್ಷೇತ್ರ ಮುಂದೆ ಹೋಗುತ್ತದೆ, ರೋಟರ್ ಅಲ್ಲೇ ಉಳಿಯುತ್ತದೆ. ನೀವು ನೋಡಿದ ನಡುಕ ಅದು. ಇದನ್ನು ಸರಿಪಡಿಸಲು ಮೂರು ದಾರಿಗಳಿವೆ.

ಎಲ್ಲಕ್ಕಿಂತ ಅಗ್ಗದ್ದು ಯಂತ್ರವನ್ನು ಖಾಲಿ ಸ್ಟಾರ್ಟ್ ಮಾಡಿಸುವುದು. ಅಡಿಕೆ ತೊಟ್ಟಿಯ ಬಾಯಿಗೆ ಒಂದು ತಗಡಿನ ಗೇಟ್, ವೇಗ ಬಂದ ಮೇಲೆ ತೆರೆಯುವಂತೆ. ಆದರೆ ಕೆಲಸದ ನಡುವೆ ಯಂತ್ರ ನಿಂತರೆ ರೋಲರ್ ನಡುವಿನ ಅಡಿಕೆಯನ್ನು ಕೈಹಾಕಿ ತೆಗೆಯಬೇಕಾಗುತ್ತದೆ, ಸಾಫ್ಟ್‌ವೇರ್ ತಾನಾಗಿ ಮರುಸ್ಟಾರ್ಟ್ ಮಾಡುವಂತೆ ಇದ್ದರೆ ಆ ಕೈಗೆ ಅಪಾಯ. ಫಾಲ್ಟ್ ಆದ ಮೇಲೆ ತಾನಾಗಿ ಸ್ಟಾರ್ಟ್ ಆಗದಂತೆ, ಬಟನ್ ಒತ್ತಿದರೆ ಮಾತ್ರ ಆಗುವಂತೆ ಇಡಿ. ಎರಡನೆಯದು ರೆವ್-ಅಪ್‌ನ ಕರೆಂಟನ್ನು ಏರಿಸಿ ಏರಿಕೆಯನ್ನು ನಿಧಾನ ಮಾಡುವುದು. ಹಗುರ ಸಿಕ್ಕುಗಳಿಗೆ ಇದು ಸಾಕು. ಆದರೆ ಈ ಹಂತದಲ್ಲಿ ರೋಟರ್ ತಿರುಗದಿದ್ದರೂ ಕರೆಂಟು ಪೂರ್ತಿ ಹರಿಯುತ್ತದೆ, ಸೋತ ಪ್ರಯತ್ನಗಳು ಸಾಲಾಗಿ ಬಂದರೆ ಸುರುಳಿ ಬಿಸಿಯಾಗುತ್ತದೆ. ತಾಮ್ರದ ರೆಸಿಸ್ಟೆನ್ಸ್ 25ರಿಂದ 100 ಡಿಗ್ರಿಗೆ ಹೋದಾಗ ಸುಮಾರು ಶೇಕಡಾ 30 ಹೆಚ್ಚುತ್ತದೆ. ತಣ್ಣಗಿದ್ದಾಗ ಅಳೆದ 0.1 ಓಮ್‌ನಿಂದ ನಿಧಾನ ವೇಗದಲ್ಲಿ ಲೆಕ್ಕ ಹಾಕುವ ಅಬ್ಸರ್ವರ್ ಆಗ ಇನ್ನಷ್ಟು ಎಡವುತ್ತದೆ. ಮೂರು ಸಲ ಸೋತರೆ ಒಂದು ನಿಮಿಷ ಕಾಯುವಂತೆ ಇಡುವುದು ಕ್ಷೇಮ.

ಮೂರನೆಯದು ನೀವು ಬಳಸದೆ ಬಿಟ್ಟ ಆ ಐದು ತಂತಿಗಳು. ಬಹುಮಟ್ಟಿಗೆ ಅವು ಅಯಸ್ಕಾಂತವನ್ನು ಗ್ರಹಿಸಿ ರೋಟರಿನ ಸ್ಥಾನ ತಿಳಿಸುವ ಹಾಲ್ ಸೆನ್ಸರಿನವು: ಎರಡು ವಿದ್ಯುತ್ತಿಗೆ, ಮೂರು ಸಿಗ್ನಲ್‌ಗೆ. ಟೂಲಿನಲ್ಲಿ ವೇಗದ ಸೆನ್ಸರ್ ಎಂಬಲ್ಲಿ ಹಾಲ್ ಎಂದು ಆರಿಸಿ, ಚಿಪ್‌ನ ಒಂದು ಟೈಮರಿಗೆ ಮೂರು ಪಿನ್ ಜೋಡಿಸಿದರೆ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಸಿಗುತ್ತದೆ. ಅದು ಎರಡು ಪ್ರಶ್ನೆ ಕೇಳುತ್ತದೆ. ಸೆನ್ಸರುಗಳು 120 ಡಿಗ್ರಿ ಅಂತರದವೇ, 60ರವೇ ಎಂಬುದು ಮೊದಲನೆಯದು, ಸುಲಭ: ಶಾಫ್ಟನ್ನು ಕೈಯಿಂದ ತಿರುಗಿಸುವಾಗ ಮೂರೂ ಸಿಗ್ನಲ್ ಒಮ್ಮೆಗೇ 1 ಆಗುವ ಅಥವಾ 0 ಆಗುವ ಸ್ಥಿತಿ ಎಂದೂ ಬಾರದಿದ್ದರೆ 120. ಸೆನ್ಸರಿನ ಅಂಚಿಗೂ ಫೇಸಿನ ಬ್ಯಾಕ್ ಇಎಂಎಫ್‌ಗೂ ಇರುವ ವಿದ್ಯುತ್ ಕೋನ ಎಷ್ಟು ಎಂಬುದು ಎರಡನೆಯದು. ಇದನ್ನು ಊಹಿಸಬೇಡಿ. ಶಾಫ್ಟಿಗೆ ಡ್ರಿಲ್ ಮೆಷಿನ್ ಹಚ್ಚಿ ತಿರುಗಿಸಿ, ಸ್ಕೋಪಿನಲ್ಲಿ ಫೇಸಿನ ಅಲೆ ಮತ್ತು ಹಾಲ್ ಸಿಗ್ನಲ್ ಎರಡನ್ನೂ ಒಟ್ಟಿಗೆ ನೋಡಿ ಅಳೆಯಿರಿ. ಟೂಲಿನ ಕೈಪಿಡಿಯಲ್ಲಿ ಯಾವ ಫೇಸ್, ಯಾವ ಅಂಚು ಎಂಬ ಚಿತ್ರವಿದೆ. 30 ಡಿಗ್ರಿ ತಪ್ಪಿದರೂ ಮೋಟರ್ ಓಡುತ್ತದೆ, ಆದರೆ ಅದೇ ಟಾರ್ಕಿಗೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಯಾಕೆಂದು ತಿಳಿಯುವುದಿಲ್ಲ. ಅದೇ ಡ್ರಿಲ್ ಹಚ್ಚಿರುವಾಗ ಟ್ಯಾಕೋಮೀಟರ್ ಹಿಡಿದು 1000 ಆರ್‌ಪಿಎಂನಲ್ಲಿ ಎರಡು ಫೇಸಿನ ನಡುವೆ 10 ವೋಲ್ಟ್ ಬರುತ್ತದೆಯೇ ಎಂದೂ ನೋಡಿಬಿಡಿ, ಪ್ರೊಫೈಲರ್‌ನ ಮಾತಿಗೆ ಸಾಕ್ಷಿ ಸಿಗುತ್ತದೆ.

ಹಾಲ್‌ನ ಅಪಾಯ ಗಣಿತದಲ್ಲಲ್ಲ, ಕನೆಕ್ಟರಿನಲ್ಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪು ಗಾಳಿಯ ನಮ್ಮ ಕರಾವಳಿಯಲ್ಲಿ, ಅಡಿಕೆ ಸಿಪ್ಪೆಯ ಧೂಳಿನ ನಡುವೆ, ಆ ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿನ ಪಿನ್‌ಗಳು ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಯುತ್ತವೆ. ಸೀಲ್ ಇರುವ ಕನೆಕ್ಟರ್ ಹಾಕಿ, ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಕೊಡಿಸಿ. ಟೂಲಿನಲ್ಲಿ ಹಾಲನ್ನು ಮುಖ್ಯ ಸೆನ್ಸರ್ ಮಾಡಿ, ಅಬ್ಸರ್ವರನ್ನು ಸಹಾಯಕ ಸೆನ್ಸರಾಗಿ ಇಟ್ಟುಕೊಳ್ಳುವ ಆಯ್ಕೆಯೂ ಇದೆ. ಮೊದಲ ಕೆಲವು ಯಂತ್ರಗಳಲ್ಲಿ ಎರಡರ ವೇಗವನ್ನೂ ಪರದೆಯಲ್ಲಿ ಹೋಲಿಸಿ ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ನೀವು ಕೇಳಿದ ಉಳಿದೆರಡು ಆಯ್ಕೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇ-ಬೈಕಿನ ರೆಡಿಮೇಡ್ ಕಂಟ್ರೋಲರ್ ಅಗ್ಗ, ಹಾಲ್ ಇದ್ದರೆ ತಕ್ಷಣ ಓಡುತ್ತದೆ. ಆದರೆ ರೋಲರ್ ಸಿಕ್ಕಿಕೊಂಡಾಗ ಏನು ಮಾಡಬೇಕು, ಎಷ್ಟು ಕರೆಂಟಿಗೆ ನಿಲ್ಲಬೇಕು ಎಂಬುದನ್ನು ನೀವು ನಿರ್ಧರಿಸಲಾಗದು, ಮುಂದಿನ ವರ್ಷ ಅದೇ ಮಾದರಿ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ವರ್ಷಕ್ಕೆ ಹತ್ತು ಯಂತ್ರ ಮಾರುವವರಾದರೆ ನಾನು ಅದನ್ನೇ ಸೂಚಿಸುತ್ತಿದ್ದೆ. ಸಂಪೂರ್ಣ ಕೋಡನ್ನು ಕೈಯಿಂದ ಬರೆಸುವುದಕ್ಕೆ ನಿಮ್ಮ ಯಂತ್ರದಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಬರೆಸಬೇಕಾದದ್ದು ಲೈಬ್ರರಿಯ ಮೇಲೆ ಕೂರುವ ನೂರಿನ್ನೂರು ಸಾಲು ಮಾತ್ರ: ಬಟನ್, ಸಿಕ್ಕಿದಾಗ ಒಂದು ಸುತ್ತು ಹಿಂದೆ ತಿರುಗಿಸುವುದು, ಕಾಯುವ ಸಮಯ, ಬ್ಯಾಟರಿ ಇಳಿದಾಗ ದೀಪ.

ಆ ಸಾಲುಗಳನ್ನು ಬರೆಸುವಾಗ ಒಂದು ಎಚ್ಚರಿಕೆ ಬೇಕು. ಟೂಲಿನಲ್ಲಿ ಒಂದು ಅಂಕಿ ಬದಲಿಸಿ ಕೋಡನ್ನು ಮತ್ತೆ ತಯಾರಿಸಿದಾಗ, ಬಳಕೆದಾರರಿಗೆಂದು ಗುರುತು ಹಾಕಿದ ಜಾಗಗಳೊಳಗೆ ಬರೆದದ್ದು ಉಳಿಯುತ್ತದೆ, ಅದರಿಂದಾಚೆ ಬರೆದದ್ದು ಅಳಿಸಿಹೋಗುತ್ತದೆ. ಕೋಡ್ ಬರೆಯುವ ಹುಡುಗರು ಅವಸರದಲ್ಲಿ ಹೆಡರ್ ಫೈಲಿನ ಅಂಕಿಯನ್ನೇ ನೇರವಾಗಿ ತಿದ್ದಿಬಿಡುತ್ತಾರೆ. ಆರು ತಿಂಗಳ ಮೇಲೆ ನೀವು ಟೂಲಿನಲ್ಲಿ ಬೇರೇನನ್ನೋ ಬದಲಿಸಿದ ದಿನ ಅದು ಹಳೆಯ ಮೌಲ್ಯಕ್ಕೆ ಹಿಂದಿರುಗಿರುತ್ತದೆ. ನನ್ನದೇ ಒಂದು ಪಂಪಿನ ಕೆಲಸದಲ್ಲಿ ಹೀಗೆ ತಿದ್ದಿದ ಶಂಟಿನ ಮೌಲ್ಯ ಅಳಿಸಿಹೋಗಿ, ಪೂರೈಸಿದ ಬೋರ್ಡುಗಳನ್ನು ಒಂದೊಂದಾಗಿ ವಾಪಸು ತರಿಸಿಕೊಳ್ಳಬೇಕಾಯಿತು. ಯೋಜನೆಯ ಫೈಲ್, ತಯಾರಾದ ಕೋಡ್, ಟೂಲಿನ ಆವೃತ್ತಿಯ ಸಂಖ್ಯೆ ಮೂರನ್ನೂ ಒಟ್ಟಿಗೆ ಗಿಟ್‌ನಲ್ಲೋ (ಕೋಡಿನ ಹಳೆಯ ರೂಪಗಳನ್ನು ಕಾಪಾಡುವ ಸಾಫ್ಟ್‌ವೇರ್), ಅದು ಬಾರದಿದ್ದರೆ ದಿನಾಂಕ ಬರೆದ ಫೋಲ್ಡರಿನಲ್ಲೋ ಇಡಿ. ಟೂಲಿನ ಹೊಸ ಆವೃತ್ತಿ ಬಂತೆಂದು ನಡೆಯುತ್ತಿರುವ ಯೋಜನೆಯನ್ನು ಅದಕ್ಕೆ ದಾಟಿಸಬೇಡಿ. ಈ ಲೈಬ್ರರಿಯನ್ನು ಅದೇ ಕಂಪನಿಯ ಚಿಪ್‌ನಲ್ಲಿ ಮಾತ್ರ ಬಳಸಬೇಕೆಂಬ ಷರತ್ತು ಇರುವುದನ್ನೂ ನೆನಪಿನಲ್ಲಿಡಿ, ಚಿಪ್ ಸಿಗದ ಕಾಲದಲ್ಲಿ ಬೇರೆ ತಯಾರಕರದಕ್ಕೆ ಹೋಗುವುದೆಂದರೆ ಟೂಲಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡುವುದೇ.

ಕೆಲಸದ ಕ್ರಮ ಹೀಗಿರಲಿ. ಈ ವಾರ 14 ಆಂಪಿಯರ್ ಮಿತಿಯ ಪರೀಕ್ಷೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡದೆ, 48 ವೋಲ್ಟಿನ ಆಸುಪಾಸಿನಲ್ಲಿ ಇಟ್ಟು ಮಾಡಿ, ಈಗಿನ ಮಾಸ್ಫೆಟ್ ಉಳಿಯಲಿ. ಬ್ಯಾಟರಿಯ ಬದಲು ಬೆಂಚಿನ ಪವರ್ ಸಪ್ಲೈ ಬಳಸುವುದಾದರೆ ಮೋಟರನ್ನು ಥಟ್ಟನೆ ನಿಲ್ಲಿಸಬೇಡಿ, ರೋಲರಿನ ಓಟದಿಂದ ಹಿಂದಿರುಗುವ ಶಕ್ತಿಯನ್ನು ಅದು ಬ್ಯಾಟರಿಯಂತೆ ನುಂಗಲಾರದು, ಬಸ್ ವೋಲ್ಟೇಜ್ ಏರಿಬಿಡುತ್ತದೆ. ಆಮೇಲೆ ಹೊಸ ಶಂಟ್, 100 ವೋಲ್ಟಿನ ಮಾಸ್ಫೆಟ್, ಟೂಲಿನ ಪವರ್ ಬೋರ್ಡ್ ಪುಟದ ಪ್ರತಿ ಮೌಲ್ಯವನ್ನೂ ನಿಮ್ಮ ಸರ್ಕ್ಯೂಟ್ ಚಿತ್ರದ ಪಕ್ಕದಲ್ಲಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಪರಿಶೀಲನೆ, ಕರೆಂಟ್ ಪ್ರೋಬಿನ ಹೋಲಿಕೆ. ಇವು ಮುಗಿದ ಮೇಲಷ್ಟೇ ಹಾಲ್ ತಂತಿಗಳಿಗೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. 14 ಆಂಪಿಯರಿನಲ್ಲೂ ಅದೇ ಫಾಲ್ಟ್ ಬಂದರೆ ಒಂದು ಫೇಸಿನ ಕರೆಂಟಿನ ಸ್ಕೋಪ್ ಚಿತ್ರ ಮತ್ತು ಮೋಟರ್ ನಿಂತಿರುವಾಗ ಮೂರೂ ಆಂಪ್ಲಿಫೈಯರುಗಳ ಔಟ್‌ಪುಟ್ ವೋಲ್ಟೇಜ್ ಬರೆದು ಕಳಿಸಿ. ಅವು ಮೂರೂ 1.65ರ ಹತ್ತಿರ ಇರಬೇಕು. ಒಂದು ದೂರ ಸರಿದಿದ್ದರೆ ನಾವು ಹುಡುಕಬೇಕಾದ ಜಾಗ ಆ ಫೇಸಿನ ಬೆಸುಗೆ.